ಬೇಂದ್ರೆ ಮಾಸ್ತರರ ಗೆಳೆಯರ ಗುಂಪು

ಮೂಡಿಗೆರೆ, ಕಳಸ, ಕೊಟ್ಟಿಗೆಹಾರದ ಕಡೆ ಬರೆಯುವವರಿಗೆ ಬರಗಾಲವಿಲ್ಲ. ತಿಂಗಳುಗಟ್ಟಲೆ ಮಳೆ ಹೊಯ್ದರೆ ಮನೆಯೊಳಗೆ ಕೂತ ಮನುಷ್ಯ ಇನ್ನೇನು ಮಾಡ್ತಾನೆ? ಕವನ ಬರೀತಾನೆ. ಕೊರತೆ ಇರೋದು ಅದನ್ನು ಕೂತು ಕೇಳಿ, ಇಲ್ಲಿ ಚೆನ್ನಾಗಿದೆ, ಇಲ್ಲಿ ಹದಗೆಟ್ಟಿದೆ ಅಂತ ಮುಖಕ್ಕೆ ಹೇಳುವವರದ್ದು. ದೇವರಮನೆಯ ಕಾಲಭೈರವೇಶ್ವರನ ಗುಡಿ ಹತ್ತಿರ, ಮಂಜು ಸರಿದ ಹೊತ್ತು ನೋಡಿ ಐದು ಜನ ಕೂತರೆ ಓದು ನಡೆಯುತ್ತೆ. ಹದಿನೈದು ಜನ ಆದರೆ ಹರಟೆ. ಐವತ್ತು ಜನ ಆದರೆ ಅಧ್ಯಕ್ಷರು, ಹಾರ, ವಂದನಾರ್ಪಣೆ, ಕಾಫಿ. ಬರೆಯುವವರ ಗುಂಪಿಗೆ ಬರುವ ದೊಡ್ಡ ಕಾಯಿಲೆ ಅಂದರೆ ಅದು ಬೆಳೆಯೋದೇ.

ಈ ಕಾಯಿಲೆಯನ್ನು ನೂರು ವರ್ಷದ ಹಿಂದೆಯೇ ಎದುರಿಸಿ, ತನಗೆ ತಿಳಿದ ಮದ್ದು ಅರೆದವರು ಧಾರವಾಡದ ಒಬ್ಬ ಹೈಸ್ಕೂಲ್ ಮಾಸ್ತರರು. ಹೆಸರು ದತ್ತಾತ್ರೇಯ ರಾಮಚಂದ್ರ ಬೇಂದ್ರೆ. ನಾಡು ಕರೆದದ್ದು ವರಕವಿ ಅಂತ. ಅವರ ಹಾಡು ಬಂದಾಗ ರೇಡಿಯೋ ಸೌಂಡು ಜಾಸ್ತಿ ಮಾಡದ ಅಂಗಡಿಯವನು ಕರ್ನಾಟಕದಲ್ಲಿ ಇರಲಿಲ್ಲ ಅನ್ನಬೇಕು. ಪದ್ಯಗಳ ಬಗ್ಗೆ ಬೇಕಾದಷ್ಟು ಪುಸ್ತಕ ಬಂದಿವೆ, ಡಾಕ್ಟರೇಟ್ ತಗೊಂಡವರೂ ಬಹಳ ಇದ್ದಾರೆ. ಆದರೆ ಆ ಪದ್ಯದ ಪಕ್ಕದಲ್ಲೇ ಅವರು ಕಟ್ಟಿ ನಡೆಸಿದ ಗುಂಪಿನ ಕತೆ ಬಸ್‌ಸ್ಟ್ಯಾಂಡಿನ ತನಕ ಬಂದಿಲ್ಲ.

ಬೇಂದ್ರೆ ಹುಟ್ಟಿದ್ದು 1896ರ ಜನವರಿ 31ರಂದು, ಧಾರವಾಡದಲ್ಲಿ. ಮನೆತನ ಕೊಂಕಣದ ಕಡೆಯದು, ಮನೆಮಾತು ಮರಾಠಿ. ಕನ್ನಡಕ್ಕೆ ಅಷ್ಟು ದೊಡ್ಡ ಕವಿಯಾದ ಮನುಷ್ಯ ಮನೆಯಲ್ಲಿ ಮಾತಾಡಿ ಬೆಳೆದದ್ದು ಬೇರೆ ಭಾಷೆ, ಬೀದಿಯಲ್ಲಿ ಕೇಳಿದ್ದು ಕನ್ನಡ. ಹಾಗಾಗಿಯೇ ಇರಬೇಕು, ಅವರ ಪದ್ಯದಲ್ಲಿ ಪುಸ್ತಕದ ವಾಸನೆಗಿಂತ ಸಂತೆಯ ಸದ್ದು ಜಾಸ್ತಿ. ತಂದೆ ಬೇಗ ತೀರಿಕೊಂಡರು. ತಾಯಿ ಅಂಬಿಕೆ. ಅಂಬಿಕೆಯ ಮಗ ದತ್ತ ಅನ್ನೋದೇ ಮುಂದೆ ಅಂಬಿಕಾತನಯದತ್ತ ಅನ್ನುವ ಕಾವ್ಯನಾಮ ಆಯಿತು. 1913ರಲ್ಲಿ ಮೆಟ್ರಿಕ್ ಪಾಸಾಗಿ, ಪುಣೆಯ ಫರ್ಗ್ಯುಸನ್ ಕಾಲೇಜಿಗೆ ಹೋಗಿ, 1918ರಲ್ಲಿ ಬಿ.ಎ. ಮುಗಿಸಿ ವಾಪಸ್ ಬಂದು ಧಾರವಾಡದ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಮಾಸ್ತರಿಕೆ ಹಿಡಿದರು. 1919ರಲ್ಲಿ ಲಕ್ಷ್ಮೀಬಾಯಿಯವರೊಡನೆ ಮದುವೆ.

ಆಗಿನ ಧಾರವಾಡ ಹೇಗಿತ್ತು ಅನ್ನೋದು ಸ್ವಲ್ಪ ತಿಳಿದಿರಬೇಕು. ಮೈಸೂರು ಸೀಮೆಯಲ್ಲಿ ರಾಜರಿದ್ದರು, 1916ರಲ್ಲಿ ವಿಶ್ವವಿದ್ಯಾನಿಲಯ ಆಯಿತು, ಬಿ.ಎಂ.ಶ್ರೀ. ಅವರಂಥ ಪ್ರೊಫೆಸರು ಕನ್ನಡಕ್ಕೆ ನಿಂತಿದ್ದರು. ಧಾರವಾಡ ಸೇರಿದ್ದು ಮುಂಬಯಿ ಇಲಾಖೆಗೆ. ಕಚೇರಿ, ಶಾಲೆ, ವ್ಯಾಪಾರ ಎಲ್ಲೆಲ್ಲೂ ಮರಾಠಿಯ ಮುಂದೆ ಕನ್ನಡ ಬಾಗಿಲ ಹೊರಗೆ ನಿಂತಂತೆ ಇತ್ತು. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ ಒಂದು ಕಡೆ, ಆಲೂರು ವೆಂಕಟರಾಯರ ಓಡಾಟ ಇನ್ನೊಂದು ಕಡೆ, ಇವೆರಡೇ ಆಸರೆ. ಕವಿತೆ ಬರೆದರೆ ಸಂಬಳ ಹೆಚ್ಚಾಗುವ ಊರು ಅದಲ್ಲ. ಬರೆದದ್ದನ್ನು ಕೇಳಲು ಕಿವಿ ಬೇಕಾದರೂ ತಾನೇ ಹುಡುಕಿಕೊಳ್ಳಬೇಕು.

ಇಪ್ಪತ್ತಾರರ ಮಾಸ್ತರರು ಹುಡುಕಿಕೊಂಡರು. 1922ರಲ್ಲಿ ಗೆಳೆಯರ ಗುಂಪು ಶುರುವಾಯಿತು. ಅವರ ಮೊದಲ ಪುಸ್ತಕ ಕೃಷ್ಣಕುಮಾರಿ ಬಂದದ್ದೂ ಅದೇ ವರ್ಷ. ಹೆಸರು ನೋಡಿ: ಸಂಘ ಅಲ್ಲ, ಪರಿಷತ್ತು ಅಲ್ಲ, ಮಂಡಳಿ ಅಲ್ಲ. ಗುಂಪು. ಅದೂ ಗೆಳೆಯರದ್ದು. ಹೆಸರಿಡುವಾಗಲೇ ಅರ್ಧ ಕೆಲಸ ಮುಗಿಸಿದ್ದರು ಅಂತ ಕಾಣುತ್ತೆ. ಸಂಘದಲ್ಲಿ ಜಗಳ ಆದರೆ ರಾಜೀನಾಮೆ ಕೊಡಬಹುದು, ಗೆಳೆತನಕ್ಕೆ ರಾಜೀನಾಮೆ ಬರೆಯೋದು ಅಷ್ಟು ಸುಲಭ ಅಲ್ಲ.

ಯಾರ್ಯಾರಿದ್ದರು?

ಶಂ.ಬಾ. ಜೋಶಿ, ಬೇಂದ್ರೆಯವರ ಓರಗೆಯವರು, ಇಬ್ಬರೂ 1896ರಲ್ಲಿ ಹುಟ್ಟಿದವರು. ಗೋಕಾಕ ತಾಲ್ಲೂಕಿನ ಬೆಟಗೇರಿಯಿಂದ ಬಂದ ಕೃಷ್ಣಶರ್ಮ, ಅಂದರೆ ಆನಂದಕಂದರು. ಜಿ.ಬಿ. ಜೋಶಿ, ಅಂದರೆ ಜಡಭರತರು. ಎನ್ಕೆ ಅಂತ ಹೆಸರಾದ ಎನ್.ಕೆ. ಕುಲಕರ್ಣಿ. ರಸಿಕರಂಗ ಅನ್ನುವ ಹೆಸರಲ್ಲಿ ಬರೆದ ರಂ.ಶ್ರೀ. ಮುಗಳಿ. ಎಲ್ಲರಿಗಿಂತ ಕಿರಿಯರಲ್ಲಿ ಒಬ್ಬರು ಸವಣೂರಿನ ಹುಡುಗ ವಿನಾಯಕ ಕೃಷ್ಣ ಗೋಕಾಕ. ಈ ಹೆಸರು ಬಸ್ಸಲ್ಲಿ ಓಡಾಡುವವರಿಗೆ ಬೇರೆ ಕಾರಣಕ್ಕೆ ಗೊತ್ತು. 1982ರ ಗೋಕಾಕ ಚಳವಳಿ, ರಾಜ್‌ಕುಮಾರ್ ಬೀದಿಗಿಳಿದದ್ದು, ಆ ವರದಿಯ ಗೋಕಾಕರೇ ಇವರು.

ಗುಂಪಿನ ಕೆಲಸ ಏನು ಅಂದರೆ ಬರೆದದ್ದನ್ನು ತಂದು ಓದೋದು, ಬೇಂದ್ರೆಯಾದರೆ ಹಾಡೋದು, ಆಮೇಲೆ ಅದನ್ನು ಬಿಡಿಸಿ ಬಿಡಿಸಿ ಮಾತಾಡೋದು. ಬೇಂದ್ರೆಯವರಿಗೆ ಕವಿತೆ ಮೊದಲು ಕಿವಿಗೆ, ಆಮೇಲೆ ಕಣ್ಣಿಗೆ. ಪದದ ಅರ್ಥ ಸರಿ ಇದ್ದರೂ ನಾದ ತಪ್ಪಿದರೆ ಅವರಿಗೆ ಅದು ಒಡೆದ ಪಾತ್ರೆ. ಕಾಗದದಲ್ಲಿ ಹೇಗೋ ಮುಚ್ಚಿಹೋಗುವ ಸುಳ್ಳು ಗಟ್ಟಿಯಾಗಿ ಓದಿದಾಗ ಎದ್ದು ಕೂರುತ್ತೆ ಅನ್ನೋದು ಬರೆದು ಓದಿದ ಯಾರಿಗಾದರೂ ಗೊತ್ತು. ಹಾಗಾಗಿ ಈ ಬಗೆಯ ಕೂಟದಲ್ಲಿ ವಿಮರ್ಶೆಗೆ ಪ್ರಬಂಧ ಬರೆದುಕೊಂಡು ಬರುವ ತಾಪತ್ರಯ ಇಲ್ಲ. ಕೇಳುವವರ ಮುಖವೇ ಅರ್ಧ ವಿಮರ್ಶೆ.

ಗೋಕಾಕರ ವಿಷಯ ಒಂದನ್ನೇ ತಗೊಳ್ಳಿ. ಧಾರವಾಡದ ಕಾಲೇಜಿಗೆ ಬಂದಾಗ ಈ ಹುಡುಗ ಇಂಗ್ಲಿಷಿನಲ್ಲಿ ಪದ್ಯ ಕಟ್ಟುತ್ತಿದ್ದ. ಬೇಂದ್ರೆ ಅವನನ್ನು ಕನ್ನಡಕ್ಕೆ ತಿರುಗಿಸಿದರು. ಗೋಕಾಕರು ಕೊನೆತನಕ ಬೇಂದ್ರೆಯವರನ್ನು ಕಾವ್ಯಗುರು ಅಂತಲೇ ಹೇಳಿಕೊಂಡರು. ಸರಿಸುಮಾರು ಅದೇ ಕಾಲಕ್ಕೆ, 1924ರಲ್ಲಿ, ಮೈಸೂರಿನಲ್ಲಿ ಇನ್ನೊಬ್ಬ ಹುಡುಗ ತನ್ನ ಇಂಗ್ಲಿಷ್ ಪದ್ಯಗಳನ್ನು ಹಿಡಿದುಕೊಂಡು ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಹತ್ತಿರ ಹೋಗಿ, ನಿನ್ನ ಭಾಷೆಯಲ್ಲಿ ಬರಿ ಅನ್ನಿಸಿಕೊಂಡು ಬಂದಿದ್ದ. ಆ ಹುಡುಗ ನಮ್ಮದೇ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಪುಟ್ಟಪ್ಪ, ಅಂದರೆ ಕುವೆಂಪು. ಒಬ್ಬರಿಗೆ ಹೊರಗಿನವನು ಒಂದು ಸಲ ಹೇಳಿದ ಮಾತು ಸಾಕಾಯಿತು. ಇನ್ನೊಬ್ಬರಿಗೆ ವರ್ಷಗಟ್ಟಲೆ ಜೊತೆಗೆ ಕೂರುವ ಗುಂಪೇ ಸಿಕ್ಕಿತು.

ಗುಂಪು ಬೆಳೆದಾಗ

ಹೆಸರು ಹಬ್ಬಿತು, ಜನ ಬಂದರು. ಎಲ್ಲರೂ ಬರೆಯುವವರೇ? ಎಲ್ಲಿ ಸಾಧ್ಯ! ಓದಲು ಬಂದವರು, ಬೇಂದ್ರೆಯವರ ಮಾತು ಕೇಳಲು ಬಂದವರು, ಕನ್ನಡದ ಕೆಲಸ ಏನಾದರೂ ಇದ್ದರೆ ಕೊಡಿ ಅಂತ ಬಂದವರು. ಇಂಥ ಹೊತ್ತಿನಲ್ಲೇ ಹೆಚ್ಚಿನ ಸಾಹಿತ್ಯ ಕೂಟಗಳು ಹಳ್ಳ ಹಿಡಿಯೋದು. ಬಂದವರಿಗೆಲ್ಲ ಪದ್ಯ ಓದಲು ಅವಕಾಶ ಕೊಟ್ಟರೆ ಕೇಳುವವರು ಓಡಿಹೋಗ್ತಾರೆ. ಕೊಡದಿದ್ದರೆ ಬಂದವರು ಮುನಿಸಿಕೊಂಡು ಪಕ್ಕದ ಬೀದಿಯಲ್ಲಿ ಇನ್ನೊಂದು ಸಂಘ ತೆಗೀತಾರೆ.

ಧಾರವಾಡದ ಗುಂಪು ಮಾಡಿದ್ದು ಬೇರೆ. ಪದ್ಯ ಓದುವ ಜಮಖಾನವನ್ನು ಹಿಗ್ಗಿಸಲಿಲ್ಲ, ಕೆಲಸದ ಅಂಗಳವನ್ನು ಹಿಗ್ಗಿಸಿತು. 1926ರಲ್ಲಿ ನಾಡಹಬ್ಬ ಶುರುವಾಯಿತು. ನವರಾತ್ರಿಯ ದಿನಗಳಲ್ಲಿ ಕನ್ನಡ ನಾಡು, ನುಡಿ, ಹಾಡು, ಭಾಷಣ. ದಸರಾ ಅಂದರೆ ಅರಮನೆ, ಆನೆ, ಅಂಬಾರಿ ಅಂತ ತಿಳಿದಿದ್ದ ಕನ್ನಡಿಗರಿಗೆ, ರಾಜರೇ ಇಲ್ಲದ ಸೀಮೆಯಲ್ಲಿ ನಾಡೇ ದೇವರು ಅಂತ ಹಬ್ಬ ಮಾಡಿ ತೋರಿಸಿದ್ದು ಈ ಮೇಷ್ಟರ ಗುಂಪು. ಆಮೇಲೆ ಆ ಹಬ್ಬ ಊರೂರಿಗೆ ಹರಡಿತು. ಹಬ್ಬಕ್ಕೆ ಜನ ಬೇಕೇ ಬೇಕು. ಚಪ್ಪರ ಹಾಕುವವರು, ದುಡ್ಡು ಕೂಡಿಸುವವರು, ಭಾಷಣಕಾರರನ್ನು ಕರೆತರುವವರು, ಹಾಡುವವರು. ಬರೆಯಲು ಬಾರದವನಿಗೂ ಗುಂಪಿನಲ್ಲಿ ಮರ್ಯಾದೆಯ ಜಾಗ ಆಯಿತು. ಬರೆಯುವವನಿಗೆ ಓದಲು ಶಾಂತಿಯ ಮೂಲೆಯೂ ಉಳಿಯಿತು. ಲೆಕ್ಕ ಹಾಕಿ ಮಾಡಿದ್ದೋ, ಆ ಕಾಲದ ಕಾವಿನಲ್ಲಿ ಹಾಗೇ ಆಗಿಹೋಯಿತೋ, ಫಲ ಮಾತ್ರ ಇದು.

ಪತ್ರಿಕೆಗಳೂ ಹೀಗೇ ನೆರವಾದವು. ಆಲೂರರ ಜಯಕರ್ನಾಟಕದಲ್ಲಿ ಗುಂಪಿನವರ ಬರಹವೂ ಇತ್ತು, ಬೆವರೂ ಇತ್ತು. ಗೆಳೆಯರ ಮುಂದೆ ಓದಿ ಚೆನ್ನಾಗಿದೆ ಅನ್ನಿಸಿಕೊಳ್ಳೋದು ಒಂದು ಪರೀಕ್ಷೆ. ಮುಖ ಕಾಣದ ಓದುಗನ ಕೈಗೆ ಹೋಗೋದು ಇನ್ನೊಂದು. ಎರಡನೆಯದು ಇಲ್ಲದೆ ಹೋದರೆ ಗುಂಪಿನವರು ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡೇ ಮುದುಕರಾಗ್ತಾರೆ.

1929ರಲ್ಲಿ ಬೆಳಗಾವಿಯಲ್ಲಿ ಸಾಹಿತ್ಯ ಸಮ್ಮೇಳನ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಅಧ್ಯಕ್ಷರು. ಅಲ್ಲಿ ಬೇಂದ್ರೆ ಎದ್ದು ನಿಂತು, ಕಾಲವನ್ನೇ ಹಕ್ಕಿ ಮಾಡಿ ಹಾರಿಸಿದ ಪದ್ಯವನ್ನು ಓದಿದರು. ಮೈಸೂರು ಕಡೆಯ ದೊಡ್ಡವರು ಬೆರಗಾಗಿ ಕೂತರು. ಗೆಳೆಯರ ಮುಂದೆ ವರ್ಷಗಟ್ಟಲೆ ಓದಿ ಪಳಗಿದ ಗಂಟಲು ಅದು ಅನ್ನೋದನ್ನು ಮರೀಬಾರದು.

ಆ ಕಾಲದಲ್ಲಿ ಇಂಥ ಗಾಳಿ ಸುತ್ತಲೂ ಇತ್ತು. ಪುಣೆಯಲ್ಲಿ 1923ರಲ್ಲಿ ಮರಾಠಿ ಕವಿಗಳು ರವಿಕಿರಣ ಮಂಡಳ ಅಂತ ಕಟ್ಟಿಕೊಂಡಿದ್ದರು. ಅದು ಕವಿಗಳದ್ದೇ ಸಣ್ಣ ಕೂಟ. ವಿಜಾಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಹಲಸಂಗಿಯಂಥ ಹಳ್ಳಿಯಲ್ಲಿ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಅವರ ಜೊತೆಯವರು ಹಲಸಂಗಿ ಗೆಳೆಯರು ಅಂತ ಹೆಸರಾದರು. ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡುವ ತ್ರಿಪದಿಗಳನ್ನು ಕೂಡಿಸಿ ಗರತಿಯ ಹಾಡು ಅನ್ನುವ ಪುಸ್ತಕ ಮಾಡಿದ್ದು ಇವರೇ. ಮಧುರಚೆನ್ನರಿಗೂ ಬೇಂದ್ರೆಯವರಿಗೂ ಒಡಹುಟ್ಟಿದವರಂಥ ನಂಟು. ಹಲಸಂಗಿಯವರು ಧಾರವಾಡಕ್ಕೆ ಬಂದು ಸೇರಿಕೊಳ್ಳಲಿಲ್ಲ, ಧಾರವಾಡದವರು ಹಲಸಂಗಿಯನ್ನು ತಮ್ಮ ಶಾಖೆ ಅಂತ ಬೋರ್ಡು ಹಾಕಲಿಲ್ಲ. ಈಗಿನ ಸಂಘಗಳಿಗೆ ಇದು ಬಹಳ ಕಷ್ಟದ ವಿಷಯ.

ಜೈಲು, ಮುಗದ, ಖಾಲಿ ಕೈ

1932ರಲ್ಲಿ ಹೊಡೆತ ಬಿತ್ತು. ಬೇಂದ್ರೆ ಬರೆದ ನರಬಲಿ ಅನ್ನುವ ಪದ್ಯ ರಾಜದ್ರೋಹ ಅಂತ ಬ್ರಿಟಿಷ್ ಸರ್ಕಾರಕ್ಕೆ ಕಂಡಿತು. ಮಾಸ್ತರರನ್ನು ಬೆಳಗಾವಿಯ ಹಿಂಡಲಗಾ ಜೈಲಿಗೆ ಹಾಕಿದರು. ಅಲ್ಲಿಂದ ಬಿಟ್ಟ ಮೇಲೂ ಬಿಡಲಿಲ್ಲ, ಧಾರವಾಡದ ಹತ್ತಿರದ ಮುಗದ ಅನ್ನುವ ಹಳ್ಳಿಯಲ್ಲಿ ನಜರಬಂದಿ. ಅವರ ದೊಡ್ಡ ಸಂಕಲನ ಗರಿ ಹೊರಬಂದ ವರ್ಷವೂ ಅದೇ 1932. ಪುಸ್ತಕಕ್ಕೆ ರೆಕ್ಕೆ ಬಂದ ವರ್ಷ ಕವಿಗೆ ಕೈಕೋಳ.

ಕೆಲಸ ಹೋಯಿತು. ರಾಜದ್ರೋಹದ ಹಣೆಪಟ್ಟಿ ಹತ್ತಿದ ಮಾಸ್ತರನಿಗೆ ಖಾಯಂ ನೌಕರಿ ಕೊಡುವವರು ಯಾರು? ಮುಂದೆ ಬಹಳ ವರ್ಷ ಸಂಸಾರ ತೂಗಿಸೋದೇ ಪಡಿಪಾಟಲಾಯಿತು. ನಡುವೆ 1935ರಲ್ಲಿ, ನಲವತ್ತರ ಹತ್ತಿರ ಬಂದ ವಯಸ್ಸಿನಲ್ಲಿ, ಎಂ.ಎ. ಮಾಡಿಕೊಂಡರು. ಮನೆಯೊಳಗಿನ ನೋವು ಇದಕ್ಕಿಂತ ದೊಡ್ಡದು. ಹುಟ್ಟಿದ ಮಕ್ಕಳು ಒಂದಾದ ಮೇಲೆ ಒಂದು ತೀರಿಹೋಗಿ ಕೊನೆಗೆ ಉಳಿದವರು ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಮಗುವನ್ನು ಕಳಕೊಂಡ ಹೆಂಡತಿಯ ಕಣ್ಣನ್ನು ಎದುರಿಸಲಾರದೆ ಗಂಡ ಹಾಡಿಕೊಂಡ ಪದ್ಯ ಒಂದಿದೆ. ಅದನ್ನು ಹಾಡುವಾಗ ಗಾಯಕರು ಸ್ವರ ಎಳೆದು ಚಪ್ಪಾಳೆ ಗಿಟ್ಟಿಸೋದು ಸ್ವಲ್ಪ ಕಡಿಮೆ ಮಾಡಿದರೆ ಒಳ್ಳೇದು.

ಇನ್ನು ಗುಂಪು? ನಡುಗಂಬ ಜೈಲಿಗೆ ಹೋದರೆ ಚಪ್ಪರ ಏನಾಗಬೇಕೋ ಅದೇ ಆಗಬೇಕಿತ್ತು. ಗುಂಪು ಎಷ್ಟೇ ಗೆಳೆಯರದ್ದು ಅಂದರೂ ನಡುವೆ ಕೂತವರು ಬೇಂದ್ರೆಯೇ. ಅವರ ಮಾತು ಹೊಳೆ. ಶುರುವಾದರೆ ಗಂಟೆಗಟ್ಟಲೆ. ಹರಿತ ನಾಲಿಗೆ, ಮೂಗಿನ ತುದಿಯ ಸಿಟ್ಟು ಎರಡೂ ಇದ್ದವು ಅಂತ ಹತ್ತಿರದಿಂದ ಕಂಡ ಹಲವರು ಬರೆದಿದ್ದಾರೆ. ಅಂಥವರ ಎದುರು ಎಳೆಯ ಬರಹಗಾರ ಬೆಳೆಯಲೂಬಹುದು, ಬಾಯಿ ಕಟ್ಟಿ ಕೂರಲೂಬಹುದು. ದೊಡ್ಡ ಮರದ ಕೆಳಗೆ ಕಾಫಿ ಗಿಡ ಬೆಳೆಯುತ್ತೆ ಅಂತ ನಮ್ಮ ಕಡೆಯವರಿಗೆ ಗೊತ್ತು, ಆದರೆ ವರ್ಷವರ್ಷ ಮರಗಸಿ ಮಾಡಿ ಬೆಳಕು ಬಿಡಬೇಕು ಅನ್ನೋದೂ ಗೊತ್ತು. ಧಾರವಾಡದಲ್ಲಿ ಆ ಮರಗಸಿಯನ್ನು ಕಾಲವೇ ಮಾಡಿತು. ಅದೂ ಬಲು ಕ್ರೂರವಾಗಿ.

ಗೆಳೆಯರು ಚದುರಿದರು. ಗೋಕಾಕ, ಮುಗಳಿ ಇಬ್ಬರೂ ಕಾಲೇಜು ಮೇಷ್ಟರಾಗಿ ಸಾಂಗ್ಲಿಯ ಕಡೆ ಹೋದರು. ಶಂ.ಬಾ. ತಮ್ಮ ಸಂಶೋಧನೆಯ ಹಾದಿ ಹಿಡಿದರು. ಜಿ.ಬಿ. ಜೋಶಿ 1933ರಲ್ಲಿ ಮನೋಹರ ಗ್ರಂಥಮಾಲೆ ಅಂತ ಪುಸ್ತಕ ಪ್ರಕಾಶನ ತೆಗೆದರು. ಧಾರವಾಡದ ಸುಭಾಸ ರೋಡಿನ ಮಾಳಿಗೆ ಮೇಲೆ ಅವರು ಕೂರುತ್ತಿದ್ದ ಜಾಗಕ್ಕೆ ಅಟ್ಟ ಅಂತಲೇ ಹೆಸರಾಯಿತು. ಮೊದಲಿನ ಗುಂಪು ಮೊದಲಿನಂತೆ ಮತ್ತೆ ಕೂಡಲಿಲ್ಲ.

ಇದನ್ನು ಸೋಲು ಅನ್ನೋಣವೇ? ಚದುರಿದವರು ಏನಾದರು ಅಂತ ನೋಡಿದರೆ ಹಾಗನ್ನಲು ಬಾಯಿ ಬರೋದಿಲ್ಲ. ಬೇಂದ್ರೆಯ ನೆರಳು ಯಾರ ಮೇಲೂ ಬೀಳಲಿಲ್ಲ ಅಂತಲ್ಲ, ಗೋಕಾಕರ ಮೊದಮೊದಲ ಪದ್ಯಗಳ ಮೇಲೆ ಚೆನ್ನಾಗೇ ಬಿದ್ದಿತ್ತು. ಆದರೆ ಅವರ್ಯಾರೂ ಮರಿ ಬೇಂದ್ರೆಯಾಗಿ ಉಳಿಯಲಿಲ್ಲ. ಮುಗಳಿ ಕನ್ನಡ ಸಾಹಿತ್ಯದ ಚರಿತ್ರೆ ಬರೆದರು. ಶಂ.ಬಾ. ಕನ್ನಡ ನೆಲದ ಬೇರು ಅಗೆದರು. ಆನಂದಕಂದರು ಹಳ್ಳಿಯ ನುಡಿಗೆ ನಿಂತರು. ಎನ್ಕೆ ರೇಡಿಯೋ ಕಡೆ ಹೋದರು. ಜಿ.ಬಿ.ಯವರ ಅಟ್ಟಕ್ಕೆ ಮುಂದೆ ಕೀರ್ತಿನಾಥ ಕುರ್ತಕೋಟಿ ಬಂದರು, ಗಿರೀಶ ಕಾರ್ನಾಡ ಅನ್ನುವ ಹುಡುಗ ಬಂದ. ಅವನ ಯಯಾತಿ ನಾಟಕ 1961ರಲ್ಲಿ ಅಚ್ಚಾದದ್ದು ಅಲ್ಲಿಂದಲೇ. ಒಂದು ಗುಂಪು ಒಡೆದ ಜಾಗದಲ್ಲಿ ಇನ್ನೊಂದು ಮೊಳೆಯಿತು, ಅದಕ್ಕೆ ಬೇಂದ್ರೆ ಕೂತು ನೀರು ಹಾಕಬೇಕಾಗಿಯೂ ಬರಲಿಲ್ಲ.

ಬೇಂದ್ರೆಯವರ ಬಾಳು ಮೇಲೆದ್ದದ್ದು ನಿಧಾನಕ್ಕೆ. 1943ರಲ್ಲಿ ಶಿವಮೊಗ್ಗದ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಮಲೆನಾಡಿನವರು ಹತ್ತಿರದಿಂದ ಅವರ ಮಾತು ಕೇಳಿದ್ದು ಆಗ. 1944ರಿಂದ 1956ರ ತನಕ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರೊಫೆಸರು. ಕನ್ನಡದ ಇಷ್ಟು ದೊಡ್ಡ ಕವಿಗೆ ಮೊದಲ ಭದ್ರ ಸಂಬಳ ಸಿಕ್ಕಿದ್ದು ನಾಡಿನ ಗಡಿಯಾಚೆ. ಕರ್ನಾಟಕ ಒಂದಾದ 1956ರಲ್ಲೇ ಧಾರವಾಡಕ್ಕೆ ವಾಪಸ್ ಬಂದು ಆಕಾಶವಾಣಿಗೆ ಸಲಹೆಗಾರರಾದರು. ಅರಳು ಮರಳು ಸಂಕಲನಕ್ಕೆ 1958ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1968ರಲ್ಲಿ ಪದ್ಮಶ್ರೀ, ನಾಕುತಂತಿಗೆ 1973ರ ಜ್ಞಾನಪೀಠ. ಕುವೆಂಪು ಆದ ಮೇಲೆ ಕನ್ನಡಕ್ಕೆ ಬಂದ ಎರಡನೆಯ ಜ್ಞಾನಪೀಠ ಅದು. ಕೊನೆಕೊನೆಗೆ ಪದ್ಯಕ್ಕಿಂತ ಅಂಕೆಸಂಖ್ಯೆಗಳ ಗುಂಗೇ ಜಾಸ್ತಿಯಾಯಿತು. ಕೇಳಲು ಹೋದವರು ತಲೆ ಕೆರೆದುಕೊಂಡು ಬರುತ್ತಿದ್ದರು. ಆದರೆ ಸಾಧನಕೇರಿಯ ಆ ಮನೆಗೆ ಯಾರೇ ಹೋಗಲಿ, ಕೈಗೆ ಒಂದಿಷ್ಟು ಸಕ್ಕರೆ ಹಾಕಿ ಬರಮಾಡಿಕೊಳ್ಳುವ ರೂಢಿ ತಪ್ಪಲಿಲ್ಲ.

1981 ವಿಚಿತ್ರ ವರ್ಷ. ಆ ವರ್ಷ ಚಿಕ್ಕಮಗಳೂರಿನಲ್ಲಿ ಸಾಹಿತ್ಯ ಸಮ್ಮೇಳನ ನಡೆಯಿತು, ಪು.ತಿ. ನರಸಿಂಹಾಚಾರ್ಯರು ಅಧ್ಯಕ್ಷರು. ಅದೇ ವರ್ಷ ಅಕ್ಟೋಬರ್ 26ರಂದು, ದೀಪಾವಳಿಯ ಹೊತ್ತಿಗೆ, ಮುಂಬಯಿಯಲ್ಲಿ ಬೇಂದ್ರೆ ತೀರಿಕೊಂಡರು. ಮಡಿಕೇರಿಯಲ್ಲಿ ಇನ್ನೊಂದು ಸಮ್ಮೇಳನ ಆದದ್ದೂ 1981ರಲ್ಲೇ. ಅದರ ಅಧ್ಯಕ್ಷರು ಗುಂಪಿನ ಹಳೆಯ ಗೆಳೆಯ ಶಂ.ಬಾ. ಜೋಶಿ. 1958ರಲ್ಲಿ ಬಳ್ಳಾರಿಯಲ್ಲಿ ಗೋಕಾಕ, 1963ರಲ್ಲಿ ಸಿದ್ಧಗಂಗೆಯಲ್ಲಿ ಮುಗಳಿ ಆ ಕುರ್ಚಿಯಲ್ಲಿ ಕೂತು ಎದ್ದಾಗಿತ್ತು. ಹಾಗೆ ಲೆಕ್ಕ ಹಿಡಿದರೆ ಒಂದು ಜಮಖಾನದಿಂದ ನಾಲ್ಕು ಸಮ್ಮೇಳನಾಧ್ಯಕ್ಷರು. 1990ರಲ್ಲಿ ಗೋಕಾಕರಿಗೂ ಜ್ಞಾನಪೀಠ ಬಂತು, ಅಲ್ಲಿಗೆ ಎರಡು ಜ್ಞಾನಪೀಠ.

ಬೇಂದ್ರೆಯವರ ಮನೆ ಇರೋದು ಸಾಧನಕೇರಿಯ ಕೆರೆ ಪಕ್ಕದಲ್ಲಿ, ಹತ್ತಿರವೇ ಅವರ ಹೆಸರಿನ ಭವನ. ಈ ಕಡೆಯಿಂದ ಹೋಗುವವರು ಹೇಗಾದರೂ ಹುಬ್ಬಳ್ಳಿ ಸೇರಿಕೊಂಡರೆ ಅಲ್ಲಿಂದ ಧಾರವಾಡ ಇಪ್ಪತ್ತು ಕಿಲೋಮೀಟರು. ಮನೆ ನೋಡಿ ಬಂದವರು ಸುಭಾಸ ರೋಡಿನ ಅಟ್ಟದ ಮೆಟ್ಟಿಲನ್ನೂ ಹತ್ತಿ ಬರಬಹುದು.